ಜೋಯಿಸರು, ಕಣಿಯವಳು, ಗೊರವಯ್ಯ: ಇವರೆಲ್ಲ ‘ಭವಿಷ್ಯಕಾರ’ರೇ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ಮಕ್ಕಳಿಂದ ಊರಿನ ಪದಗಳನ್ನು ಸಂಗ್ರಹಿಸಿ ಸಣ್ಣದೊಂದು ಪದಕೋಶ ಮಾಡಿಸುತ್ತಿದ್ದೇನೆ. ‘ಮುಂದಾಗುವುದನ್ನು ಹೇಳುವವರು’ ಎಂಬ ಗುಂಪಿಗೆ ಜೋಯಿಸ, ಕಣಿಯವಳು, ಕೊರವಂಜಿ, ಬುಡಬುಡಿಕೆಯವನು, ಗೊರವಯ್ಯ, ಕಾಲಜ್ಞಾನಿ, ಗಿಣಿಶಾಸ್ತ್ರದವನು ಎಂಬ ಪದಗಳು ಬಂದಿವೆ. ಇವೆಲ್ಲ ಸಮಾನಾರ್ಥಕಗಳೇ? ಎಲ್ಲಕ್ಕೂ ‘ಭವಿಷ್ಯಕಾರ’ ಎಂದು ಅರ್ಥ ಬರೆಯಬಹುದೇ? ಇಬ್ಬರು ಮಕ್ಕಳು ‘ಪ್ರವಾದಿ’, ‘ಹವಾಮಾನ ತಜ್ಞ’ ಎಂದೂ ಬರೆದು ತಂದಿದ್ದಾರೆ. ಅವನ್ನೂ ಸೇರಿಸಬಹುದೇ?

ಉತ್ತರ: ನಮಸ್ಕಾರ ಮೇಡಂ. ಇವು ಸಮಾನಾರ್ಥಕಗಳಲ್ಲ. ಎಲ್ಲಕ್ಕೂ ‘ಭವಿಷ್ಯಕಾರ’ ಎಂದು ಬರೆದುಬಿಟ್ಟರೆ ಮಕ್ಕಳು ಕಷ್ಟಪಟ್ಟು ತಂದ ಪದಗಳಲ್ಲಿ ಇರುವ ಸಂಗತಿಯೇ ಕೈಬಿಟ್ಟು ಹೋಗುತ್ತದೆ. ಗಮನಿಸಿ ನೋಡಿ: ಈ ಹಳೆಯ ಪದಗಳಲ್ಲಿ ಹೆಚ್ಚಿನವು ‘ಇವನು ಮುಂದಿನದನ್ನು ಬಲ್ಲವನು’ ಎಂದು ಹೇಳುವುದೇ ಇಲ್ಲ. ಹೇಳುವವರು ಯಾರು, ಆ ತಿಳಿವಳಿಕೆ ಯಾವ ದಾರಿಯಲ್ಲಿ ಬಂತು ಎಂಬುದನ್ನು ಹೇಳುತ್ತವೆ. ಲೆಕ್ಕ ಹಾಕಿ ಬಂತೇ, ಕಣ್ಣಿಗೆ ಕಂಡು ಬಂತೇ, ಹಕ್ಕಿಯ ದನಿ ಕೇಳಿ ಬಂತೇ, ದೇವರು ಮೈದುಂಬಿ ಬಂತೇ? ಊರಿನ ಜನಕ್ಕೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಮದುವೆಯ ದಿನ ಗೊತ್ತು ಮಾಡಲು ಯಾರೂ ಬುಡಬುಡಿಕೆಯವನ ಹತ್ತಿರ ಹೋಗುತ್ತಿರಲಿಲ್ಲ. ಈ ವರ್ಷ ನಾಡಿಗೆ ಮಳೆ ಹೇಗೆ ಎಂದು ತಿಳಿಯಲು ಕೊರವಂಜಿಯ ಮುಂದೆ ಕೈ ಚಾಚುತ್ತಿರಲಿಲ್ಲ.

ಜೋಯಿಸರಿಂದ ಶುರು ಮಾಡೋಣ. ಸಂಸ್ಕೃತದ ‘ಜ್ಯೋತಿಷ’ ಪ್ರಾಕೃತದಲ್ಲಿ ‘ಜೋಇಸ’ ಆಗಿ, ಅಲ್ಲಿಂದ ನಮ್ಮ ಬಾಯಿಗೆ ‘ಜೋಯಿಸ’ ಎಂದು ಬಂತು. ಮರಾಠಿ, ಹಿಂದಿಯ ‘ಜೋಶಿ’ಯೂ ಅದೇ ಮೂಲದ್ದು. ಅವರ ಕೈಯಲ್ಲಿರುವುದು ಪಂಚಾಂಗ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳನ್ನು ಗುಣಿಸಿ, ಭಾಗಿಸಿ, ಕೂಡಿ, ಕಳೆದು ಹೇಳುವುದು ಅವರ ಕೆಲಸ. ಅವರನ್ನು ಕೇಳುವ ಪ್ರಶ್ನೆಯೂ ಬಹುಮಟ್ಟಿಗೆ ‘ಏನಾಗುತ್ತದೆ’ ಎಂಬುದಲ್ಲ, ‘ಯಾವಾಗ ಮಾಡಲಿ’ ಎಂಬುದು. ಬಿತ್ತನೆ ಯಾವ ಮಳೆಗೆ, ಗೃಹಪ್ರವೇಶ ಯಾವ ಮುಹೂರ್ತಕ್ಕೆ, ಕೂಸಿಗೆ ಯಾವ ಅಕ್ಷರದ ಹೆಸರು. ಸಂಸ್ಕೃತದ ಹಳೆಯ ನಿಘಂಟು ಅಮರಕೋಶ ಇವರಿಗೆ ಎಂಟು ಪದ ಕೊಡುತ್ತದೆ: ಸಾಂವತ್ಸರ, ಜ್ಯೌತಿಷಿಕ, ದೈವಜ್ಞ, ಗಣಕ, ಮೌಹೂರ್ತಿಕ, ಮೌಹೂರ್ತ, ಜ್ಞಾನಿ, ಕಾರ್ತಾಂತಿಕ. ಇವುಗಳಲ್ಲಿ ಎಷ್ಟು ಪದಗಳು ಕಾಲವನ್ನು ಅಳೆಯುವುದಕ್ಕೆ, ಎಣಿಸುವುದಕ್ಕೆ ಸಂಬಂಧಿಸಿವೆ ನೋಡಿ. ಸಂವತ್ಸರ ಬಲ್ಲವನು ಸಾಂವತ್ಸರ, ಮುಹೂರ್ತ ಬಲ್ಲವನು ಮೌಹೂರ್ತಿಕ, ಎಣಿಸುವವನು ಗಣಕ. ಆ ‘ಗಣಕ’ನೇ ನಮ್ಮ ಕಾಲದಲ್ಲಿ ‘ಗಣಕಯಂತ್ರ’ವಾಗಿ ನಿಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಕುಳಿತಿದೆ. ಮಕ್ಕಳಿಗೆ ಇದನ್ನು ಹೇಳಿ, ಖುಷಿಪಡುತ್ತಾರೆ.

ಲೆಕ್ಕ ಬಾರದೆ ಜ್ಯೋತಿಷ ಹೇಳುವವರ ಮೇಲೆ ಆ ಶಾಸ್ತ್ರದವರಿಗೇ ಸಿಟ್ಟಿತ್ತು. 6ನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ, ಶಾಸ್ತ್ರ ತಿಳಿಯದೆ ದೈವಜ್ಞನೆಂದು ಹೇಳಿಕೊಳ್ಳುವವನನ್ನು ‘ನಕ್ಷತ್ರಸೂಚಕ’ ಎಂದು ಕರೆದು, ಅವನು ಪಂಕ್ತಿಯನ್ನು ಕೆಡಿಸುವ ಪಾಪಿ ಎನ್ನುತ್ತಾನೆ. ಹೀಗೆ ಬೈಗುಳದ ಪದವೂ ಒಂದಿತ್ತು. ನಮ್ಮಲ್ಲಿ ಶ್ರೀಧರಾಚಾರ್ಯನ ‘ಜಾತಕತಿಲಕ’ 1049ರಷ್ಟು ಹಿಂದೆಯೇ ಈ ವಿದ್ಯೆಯನ್ನು ಕನ್ನಡಕ್ಕೆ ತಂದಿತು. ಅಲ್ಲಿಂದ ನೂರು ವರ್ಷ ಮುಂದೆ ಬಂದರೆ ಬಸವಣ್ಣನವರ ವಚನ ಸಿಗುತ್ತದೆ: ‘ಎಮ್ಮವರು ಬೆಸಗೊಂಡಡೆ ಶುಭಲಗ್ನವೆನ್ನಿರಯ್ಯಾ’. ರಾಶಿಕೂಟ, ಗಣಸಂಬಂಧ, ಚಂದ್ರಬಲ, ತಾರಾಬಲ ಎಲ್ಲ ಇದೆ ಎಂದೇ ಹೇಳಿಬಿಡಿ, ನಾಳಿನ ದಿನಕ್ಕಿಂತ ಇಂದಿನ ದಿನವೇ ಲೇಸು ಎನ್ನಿ ಎಂದು ಜೋಯಿಸರನ್ನೇ ಕೇಳಿಕೊಳ್ಳುವ ಆ ವಚನದಲ್ಲಿ 12ನೇ ಶತಮಾನದ ಜೋಯಿಸರ ಪರಿಭಾಷೆಯೆಲ್ಲ ಇದೆ. ‘ಬೆಸಗೊಳ್’ ಎಂದರೆ ಕೇಳುವುದು, ವಿಚಾರಿಸುವುದು. ಈಗ ಅದು ಬಳಕೆಯಲ್ಲಿಲ್ಲ.

ಇನ್ನು ಕಣಿ. ಇದು ಅಚ್ಚಗನ್ನಡದ ಪದ, ‘ಕಾಣ್’ ಧಾತುವಿಗೆ ಸೇರಿದ್ದು. ಕಣಿ ಎಂದರೆ ಮೊದಲ ಅರ್ಥದಲ್ಲಿ ನೋಟ, ಕಾಣಿಸಿದ್ದು. ಅಲ್ಲಿಂದ ಶಕುನವಾಗಿ ಕಂಡದ್ದು, ಆಮೇಲೆ ಅದರ ಮೇಲೆ ಹೇಳುವ ಮಾತು. ತುಳುನಾಡಿನ ‘ಬಿಸು ಕಣಿ’ಯಲ್ಲಿ ಆ ಹಳೆಯ ಅರ್ಥ ಹಾಗೆಯೇ ಉಳಿದಿದೆ. ವಿಷು ಹಬ್ಬದ ಬೆಳಿಗ್ಗೆ ಎದ್ದ ಕೂಡಲೇ ಕಾಣಬೇಕಾದ ಫಲ, ತರಕಾರಿ, ಕನ್ನಡಿಗಳ ಜೋಡಣೆ ಅದು. ಹಾಗಾಗಿ ಕಣಿಯವಳು ಎಂದರೆ ಕಂಡು ಹೇಳುವವಳು. ಕೈ ನೋಡುತ್ತಾಳೆ, ಮುಖ ನೋಡುತ್ತಾಳೆ. ಸಂಸ್ಕೃತದಲ್ಲಿಯೂ ಇಂಥ ಹೆಂಗಸಿಗೆ ‘ಈಕ್ಷಣಿಕಾ’ ಎಂಬ ಪದವಿದೆ. ಅದೂ ‘ನೋಡು’ ಎಂಬ ಧಾತುವಿನಿಂದಲೇ ಬಂದದ್ದು. ಆದರೆ ಅಮರಕೋಶ ಆ ಪದವನ್ನು ಎಲ್ಲಿಟ್ಟಿದೆ ಎಂಬುದನ್ನು ನಾನು ಮರೆಯಲಾರೆ. ಗಂಡಸು ದೈವಜ್ಞರೆಲ್ಲ ಕ್ಷತ್ರಿಯವರ್ಗದಲ್ಲಿ, ರಾಜನ ಆಸ್ಥಾನದವರ ಸಾಲಿನಲ್ಲಿ ಬರುತ್ತಾರೆ. ವಿಪ್ರಶ್ನಿಕಾ, ಈಕ್ಷಣಿಕಾ, ದೈವಜ್ಞಾ ಎಂಬ ಹೆಂಗಸರು ಮನುಷ್ಯವರ್ಗದಲ್ಲಿ ಬರುತ್ತಾರೆ, ಅವರ ಬೆನ್ನಿಗೇ ಮುಟ್ಟಾದವಳ ಹೆಸರುಗಳ ಪಟ್ಟಿ ಶುರುವಾಗುತ್ತದೆ. ನಮ್ಮ ಮಾತಿನಲ್ಲಿಯೂ ಅದೇ ಭೇದ: ‘ಜೋಯಿಸರು ಹೇಳಿದರು’, ಆದರೆ ‘ಕೊರವಂಜಿ ಹೇಳಿದಳು’. ಪದಕೋಶದಲ್ಲಿ ಜೋಯಿಸರಿಗೆ ಬಹುವಚನ ಕೊಟ್ಟರೆ ಕಣಿ ಹೇಳುವ ತಾಯಿಗೂ ಕೊಡಿಸಿ ಎಂದು ನನ್ನ ವಿನಂತಿ. ‘ಕಣಿ ಹೇಳುವವರು’ ಎಂದರೆ ಅರ್ಥಕ್ಕೇನೂ ಕೊರತೆಯಾಗದು.

ಕೊರವಂಜಿ ಎಂಬುದು ಕೆಲಸದ ಹೆಸರಲ್ಲ, ಸಮುದಾಯದ ಹೆಸರಿನಿಂದ ಬಂದದ್ದು. ಕೊರವ, ಕೊರಮ, ಕೊರಚ ಎಂದು ಕರೆಸಿಕೊಳ್ಳುವ ಅಲೆಮಾರಿ ಜನರ ಹೆಂಗಸರು ಬುಟ್ಟಿ ಹೆಣೆದು ಮಾರುತ್ತ, ಹಚ್ಚೆ ಹಾಕುತ್ತ, ಕಣಿ ಹೇಳುತ್ತ ಊರೂರು ತಿರುಗುತ್ತಿದ್ದರು. ಇದೇ ಜನರನ್ನು ತೆಲುಗರು ‘ಎರುಕಲ’ ಎನ್ನುತ್ತಾರೆ. ‘ಎರುಕ’ ಎಂದರೆ ಅರಿವು. ತಿರುಪತಿಯ ಕಥೆಯಲ್ಲಿ ಶ್ರೀನಿವಾಸನೇ ಕೊರವಂಜಿಯ ವೇಷದಲ್ಲಿ ಪದ್ಮಾವತಿಯ ತಾಯಿಗೆ ಕಣಿ ಹೇಳಲು ಬರುತ್ತಾನೆ. ನಮ್ಮ ಯಕ್ಷಗಾನಕ್ಕೂ ತಮಿಳಿನ ಕುರವಂಜಿ ನಾಟಕಗಳಿಗೂ ಅವಳು ಬಹಳ ಬೇಕಾದ ಪಾತ್ರ, ಏಕೆಂದರೆ ಅರಮನೆಯೊಳಕ್ಕೆ ನೇರ ನಡೆದು ರಾಣಿಯ ಮುಖಕ್ಕೇ ಸತ್ಯ ಹೇಳಬಲ್ಲವಳು ಅವಳೊಬ್ಬಳೇ. 1942ರಲ್ಲಿ ಡಾ. ಎಂ. ಶಿವರಾಂ ತಮ್ಮ ನಗೆ ಪತ್ರಿಕೆಗೆ ‘ಕೊರವಂಜಿ’ ಎಂಬ ಹೆಸರಿಟ್ಟರು. ಆದರೆ ರಂಗದ ಮೇಲಿನ ಆ ಪ್ರೀತಿ ಬೀದಿಯಲ್ಲಿ ಆ ಜನಕ್ಕೆ ಸಿಗಲಿಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯನ್ನು 1911ರಲ್ಲಿ ಮದರಾಸು ಪ್ರಾಂತಕ್ಕೂ ವಿಸ್ತರಿಸಿದಾಗ ಕೊರವರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿದರು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಇಂದು ಅವರು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. ನಿಮ್ಮ ತರಗತಿಯಲ್ಲೇ ಆ ಮನೆಯ ಮಗು ಕುಳಿತಿರಬಹುದು. ಅದಕ್ಕೇ ‘ಕೊರವಂಜಿ: ಸುಳ್ಳು ಭವಿಷ್ಯ ಹೇಳುವವಳು’ ಎಂಬಂಥ ಅರ್ಥ ಎಲ್ಲಿಯೂ ಬಾರದಂತೆ ನೋಡಿಕೊಳ್ಳಿ.

ಬುಡಬುಡಿಕೆಯವರ ಹೆಸರು ಅವರ ಕೈಯ ವಾದ್ಯದಿಂದ ಬಂದದ್ದು. ಆದರೆ ಅವರ ತಿಳಿವು ಬರುವುದು ಹಕ್ಕಿಯಿಂದ. ಸೂರ್ಯ ಮೂಡುವ ಮೊದಲೇ ಬಾಗಿಲಿಗೆ ಬಂದು ‘ಹಾಲಕ್ಕಿ ನುಡೀತೈತೆ’ ಎನ್ನುತ್ತಾರಲ್ಲ, ಆ ಹಾಲಕ್ಕಿ ಸಣ್ಣ ಗೂಬೆಯ ಜಾತಿಯದು. ಮಹಾರಾಷ್ಟ್ರದಲ್ಲಿ ಇದು ಇನ್ನೂ ಸ್ಪಷ್ಟವಾಗಿದೆ. ಅಲ್ಲಿ ಆ ಗೂಬೆಯ ಹೆಸರು ‘ಪಿಂಗಳಾ’, ನಸುಕಿನಲ್ಲಿ ಬಂದು ಶುಭ ಹೇಳುವವನ ಹೆಸರು ‘ಪಿಂಗಳಾ ಜೋಶಿ’. ಸಂಸ್ಕೃತದ ‘ಶಕುನ’ಕ್ಕೂ ಹಕ್ಕಿ ಎಂದೇ ಮೂಲಾರ್ಥ. ಗಿಣಿಶಾಸ್ತ್ರದವರು ಈ ಗುಂಪಿನವರಲ್ಲ. ಅಲ್ಲಿ ಗಿಣಿ ನುಡಿಯುವುದಿಲ್ಲ, ಚೀಟಿ ಎತ್ತುತ್ತದೆ ಅಷ್ಟೇ. ಗಿಣಿಯನ್ನು ಪಂಜರದಲ್ಲಿಡುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವಾದ್ದರಿಂದ ಆ ಕಸುಬು ಬೇಗ ಮರೆಯಾಗುತ್ತಿದೆ.

ಕಂಡ ಗುರುತು, ಕೇಳಿದ ದನಿಗಳಿಂದ ಮುಂದಿನದನ್ನು ಊಹಿಸುವ ಈ ದಾರಿಗೆ ಜೈನರು ಇಟ್ಟ ಹೆಸರು ನಿಮಿತ್ತ. ಅದನ್ನು ಬಲ್ಲವನು ನೈಮಿತ್ತಿಕ. ಆಕಾಶ, ನೆಲ, ಮೈ, ದನಿ, ಮಚ್ಚೆ, ಲಕ್ಷಣ, ಹರಿದು ಮುರಿದ ವಸ್ತು, ಕನಸು ಎಂದು ಅದಕ್ಕೆ ಎಂಟು ಅಂಗ. ನಮ್ಮ ನಾಡಿನ ಬಹಳ ಹಳೆಯ ಭವಿಷ್ಯವಾಣಿಯೊಂದರ ಸುದ್ದಿ ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಯ ಮೇಲಿದೆ. ಸುಮಾರು ಕ್ರಿ.ಶ. 600ರ ಆ ಶಾಸನ ಭದ್ರಬಾಹುಸ್ವಾಮಿಯನ್ನು ಅಷ್ಟಾಂಗ ಮಹಾನಿಮಿತ್ತವನ್ನು ಬಲ್ಲವನು, ತ್ರಿಕಾಲವನ್ನು ಕಂಡವನು ಎಂದು ಕರೆಯುತ್ತದೆ. ಉಜ್ಜಯಿನಿಯಲ್ಲಿ ಅವನು ಹನ್ನೆರಡು ವರ್ಷದ ಕ್ಷಾಮ ಬರಲಿದೆ ಎಂದು ಹೇಳಿದ, ಆಗ ಜೈನ ಸಂಘವೆಲ್ಲ ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತು ಎನ್ನುತ್ತದೆ. ಈ ಭದ್ರಬಾಹು ಯಾರು ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ನನ್ನನ್ನು ಸೆಳೆಯುವುದು ಬೇರೆಯದು: ಆ ಮಾತನ್ನು ನಂಬಿ ಜನ ಊರು ಬಿಟ್ಟು ನಡೆದರು ಎಂದು ಶಾಸನ ಹೇಳುತ್ತದಲ್ಲ, ಒಂದು ಭವಿಷ್ಯವಾಣಿಗೆ ಅಷ್ಟು ತೂಕವಿದ್ದ ಇನ್ನೊಂದು ಉದಾಹರಣೆ ನಮ್ಮ ಚರಿತ್ರೆಯಲ್ಲಿ ಸಿಗುವುದು ಕಷ್ಟ.

ಗೊರವಯ್ಯ ನಿಮ್ಮ ಮಕ್ಕಳಿಗೆ ಹತ್ತಿರದವರು. ದೇವರಗುಡ್ಡ ನಿಮ್ಮ ಜಿಲ್ಲೆಯಲ್ಲೇ ಇದೆ, ದಸರೆಯ ವೇಳೆ ಅಲ್ಲಿ ಕಾರ್ಣಿಕ, ಅಂದರೆ ದೇವರ ನುಡಿ, ಆಗುತ್ತದೆ. ತುಂಗಭದ್ರೆಯಾಚೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಡೆಂಕನಮರಡಿಯಲ್ಲಿ ಆಗುತ್ತದೆ. ವ್ರತದಲ್ಲಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಲೇ ಲಕ್ಷಾಂತರ ಜನ ಮೌನವಾಗುತ್ತಾರೆ. ಅವರು ಒಂದೇ ಒಂದು ಸಾಲು ನುಡಿದು ಕೆಳಕ್ಕೆ ಬೀಳುತ್ತಾರೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಇಲ್ಲಿ ಎರಡು ಪದಗಳನ್ನು ಬೇರೆ ಬೇರೆ ಬರೆಸಬೇಕು. ಗೊರವಯ್ಯ ಎಂದರೆ ಮೈಲಾರಲಿಂಗನ ದೀಕ್ಷೆ ಪಡೆದ ಒಕ್ಕಲು. ಎಲ್ಲ ಗೊರವರೂ ಕಾರ್ಣಿಕ ನುಡಿಯುವುದಿಲ್ಲ. ಕಾರ್ಣಿಕ ಎಂದರೆ ಆ ನುಡಿ, ಮತ್ತು ಭಕ್ತರ ನಂಬಿಕೆಯಲ್ಲಿ ಅದು ಗೊರವಯ್ಯನದಲ್ಲ, ದೇವರದು. ಹಳೇ ಮೈಸೂರಿನ ಕಡೆ ಗ್ರಾಮದೇವತೆ ಮೈದುಂಬಿದವರ ಬಾಯಲ್ಲಿ ಬರುವುದಕ್ಕೆ ‘ಹೇಳಿಕೆ’ ಎನ್ನುತ್ತಾರೆ, ಕರಾವಳಿಯ ದೈವಗಳಿಗೆ ‘ನುಡಿ’. ಅಲ್ಲೆಲ್ಲ ಪದ ಇರುವುದು ಮಾತಿಗೆ. ಹೇಳುವವನಿಗೆ ‘ಭವಿಷ್ಯ ಬಲ್ಲವನು’ ಎಂಬ ಪಟ್ಟವನ್ನು ಊರು ಕೊಡುವುದಿಲ್ಲ. ಜಾತ್ರೆ ಮುಗಿದ ಮೇಲೆ ಅವನು ಮತ್ತೆ ಹೊಲದ ಕೆಲಸಕ್ಕೆ ಹೋಗುವ ಒಕ್ಕಲಿನವನೇ. ಕರಾವಳಿಯಲ್ಲೇ ಕವಡೆ ಹಾಕಿ ‘ಪ್ರಶ್ನೆ ಇಡುವ’ ಜೋಯಿಸರು ಇದಕ್ಕೆ ಪೂರಾ ಬೇರೆ. ಅದು ಕೇರಳದ ಕಡೆಯ ಲೆಕ್ಕದ ವಿದ್ಯೆ. 1649ರ ‘ಪ್ರಶ್ನಮಾರ್ಗ’ ಅದರ ಮುಖ್ಯ ಗ್ರಂಥ.

ಈಗ ನಿಮ್ಮ ವ್ಯಾಕರಣದ ತರಗತಿಗೆ ಉಪಯೋಗವಾಗುವ ಒಂದು ಸಂಗತಿ. ಈ ಜನರನ್ನು ಕ್ರಿಯಾಪದದಿಂದಲೇ ಗುರುತಿಸಬಹುದು. ಜೋಯಿಸರು ಮುಂದಿನದನ್ನು ಈಗಲೇ ಇರುವ ಸ್ಥಿತಿಯಾಗಿ ಹೇಳುತ್ತಾರೆ: ‘ಗುರುಬಲ ಇದೆ’, ‘ಕಂಕಣಭಾಗ್ಯ ಇದೆ’, ‘ಶನಿಕಾಟ ನಡೀತಿದೆ’. ಕಣಿ ಹೇಳುವವರು ಮೊದಲು ಎದುರಿಗಿದ್ದವರ ಮನಸ್ಸನ್ನು ಮುಟ್ಟುತ್ತಾರೆ: ‘ಒಳಗೊಂದು ಕೊರಗು ಐತೆ ತಾಯಿ’. ಮುಂದಿನದು ಆಮೇಲೆ. ಬುಡಬುಡಿಕೆಯವರದು ಅನುಮಾನವೇ ಇಲ್ಲದ ರೂಪ: ‘ಶುಭ ಆಗತೈತೆ’. ಕಾರ್ಣಿಕದ್ದು ಮಾತ್ರ ನಾವು ಪಠ್ಯದಲ್ಲಿ ಸಂಭಾವನಾರ್ಥಕ ಎಂದು ಕಲಿಸುವ ರೂಪ: ಬಂದೀತು, ಆದೀತು, ಸಂಪಾದೀತು. 2023ರ ಮೈಲಾರದ ಕಾರ್ಣಿಕ ‘ಅಂಬಲಿ ಹಳಸೀತು, ಕಂಬಳಿ ಬೀಸೀತಲೇ ಪರಾಕ್’. ಈ ‘-ಈತು’ವಿನಲ್ಲಿ ಆಗುತ್ತದೆ ಎಂಬ ಭರವಸೆಯೂ ಇಲ್ಲ, ಆಗದು ಎಂಬ ನಿರಾಕರಣೆಯೂ ಇಲ್ಲ. ಆಗಬಹುದು, ಎಚ್ಚರವಿರಲಿ ಎಂಬ ದನಿಯಿದೆ. ಅಚ್ಚಿನಲ್ಲಿ ಕೆಲವೊಮ್ಮೆ ದೀರ್ಘ ಬಿಟ್ಟುಹೋಗಿ ‘ಹಳಸಿತು’ ಎಂದಾಗುತ್ತದೆ. ಆಗ ಅದು ಭೂತಕಾಲ, ಆಗಿಹೋದ ಸುದ್ದಿ. ಒಂದು ದೀರ್ಘದಲ್ಲಿ ಭವಿಷ್ಯವೇ ಚರಿತ್ರೆಯಾಗುತ್ತದೆ. ಆ ವರ್ಷ ರೈತರು ಅದನ್ನು ಮಳೆ ಬೆಳೆಗೆ ಹೊಂದಿಸಿಕೊಂಡರು, ರಾಜಕೀಯದವರು ಚುನಾವಣೆಗೆ. ಆಡುಮಾತಿನ ಕನ್ನಡದಲ್ಲಿ ವರ್ತಮಾನಕ್ಕೂ ಭವಿಷ್ಯತ್ತಿಗೂ ಒಂದೇ ರೂಪ ನಡೆಯುತ್ತದೆ, ‘ನಾಳೆ ಬರ್ತೀನಿ’ ಎನ್ನುತ್ತೇವೆ. ಹಾಗಿರುವಾಗ ಮುಂದಿನದಕ್ಕಾಗಿಯೇ ಇರುವ ಈ ರೂಪವನ್ನು ಹಳ್ಳಿಯ ದೇವರು ಇಂದಿಗೂ ಬಳಸುತ್ತಿರುವುದು ನನಗೆ ಬಹಳ ಅಮೂಲ್ಯವಾಗಿ ಕಾಣುತ್ತದೆ. ನಮ್ಮ ಮಕ್ಕಳ ಬಾಯಲ್ಲಿ ‘ಮಳೆ ಬಂದೀತು’ ಕಡಿಮೆಯಾಗಿ ‘ಮಳೆ ಬರಬಹುದು’ ಒಂದೇ ಉಳಿಯುತ್ತಿದೆ. ಈ ಪಾಠವನ್ನು ಕಾರ್ಣಿಕದಿಂದ ಶುರು ಮಾಡಿದರೆ ನಿಮ್ಮ ಊರಿನ ಮಕ್ಕಳು ಮರೆಯಲಾರರು.

ಕಾಲಜ್ಞಾನಿ ಮಾತ್ರ ಈ ಎಲ್ಲರಿಂದ ದೂರ ನಿಲ್ಲುತ್ತಾನೆ. ಅವನನ್ನು ಯಾರೂ ಏನನ್ನೂ ಕೇಳುವುದಿಲ್ಲ. ಅವನು ಒಬ್ಬರ ಮದುವೆಯನ್ನೋ ವ್ಯಾಪಾರವನ್ನೋ ಹೇಳುವವನಲ್ಲ, ಯುಗ ಹೇಗೆ ಕೆಡುತ್ತದೆ, ಯಾರು ಬಂದು ಸರಿಪಡಿಸುತ್ತಾರೆ ಎಂದು ಹಾಡುವವನು. ಯಾದಗಿರಿ ಜಿಲ್ಲೆಯ ಕೊಡೇಕಲ್ ಬಸವಣ್ಣನವರ ಪರಂಪರೆ, ಕೈವಾರದ ತಾತಯ್ಯನವರು, ಆಂಧ್ರದ ಪೋತುಲೂರಿ ವೀರಬ್ರಹ್ಮೇಂದ್ರರು ಈ ಸಾಲಿನವರು. ಕನ್ನಡದ ಕಾಲಜ್ಞಾನಗಳಲ್ಲಿ ವೀರವಸಂತರಾಯ ಬಂದು ಧರ್ಮದ ಆಳ್ವಿಕೆ ನಡೆಸುತ್ತಾನೆ ಎಂಬ ನಿರೀಕ್ಷೆ ಮತ್ತೆ ಮತ್ತೆ ಕೇಳಿಸುತ್ತದೆ. ಆಳುವವರಿಂದ ನೊಂದ ಜನ ಅದನ್ನು ಹಾಡಿಕೊಂಡು ಬಂದರು. ಇದನ್ನು ಜ್ಯೋತಿಷದ ಜೊತೆ ಸೇರಿಸಿದರೆ ಆ ನೋವು ಕಾಣದೇ ಹೋಗುತ್ತದೆ.

ಪ್ರವಾದಿಯನ್ನು ಈ ಗುಂಪಿನಿಂದ ತೆಗೆಯಿಸಿ. ಕ್ರೈಸ್ತರೂ ಮುಸ್ಲಿಮರೂ ಕನ್ನಡದಲ್ಲಿ ಬಳಸುವ ಈ ಪದಕ್ಕೆ ದೇವರ ಸಂದೇಶವನ್ನು ಜನಕ್ಕೆ ಮುಟ್ಟಿಸುವವನು ಎಂದು ಅರ್ಥ. ಆ ಸಂದೇಶದಲ್ಲಿ ಮುಂದಿನ ಸಂಗತಿಗಳು ಇರಬಹುದು, ಆದರೆ ಅದು ಅವನ ಕಸುಬಲ್ಲ. ಅಗೋಚರದ ಅರಿವು ದೇವರೊಬ್ಬನದು ಎಂಬುದು ಇಸ್ಲಾಮಿನ ನಂಬಿಕೆ. ಕಣಿ, ಶಕುನ ಕೇಳುವುದನ್ನು ಬೈಬಲ್ಲೂ ಕಟುವಾಗಿ ನಿಷೇಧಿಸುತ್ತದೆ. ಪ್ರವಾದಿಯನ್ನು ಭವಿಷ್ಯ ಹೇಳುವವರ ಪಟ್ಟಿಯಲ್ಲಿಟ್ಟರೆ ಅದು ತಪ್ಪು, ಮಕ್ಕಳಲ್ಲಿ ಕೆಲವರಿಗೆ ನೋವೂ ಆಗುತ್ತದೆ.

‘ಹವಾಮಾನ ತಜ್ಞ’ ಎಂದು ಬರೆದ ಮಗುವನ್ನು ಮೆಚ್ಚಿಕೊಳ್ಳಿ, ಪ್ರಶ್ನೆ ಸರಿಯಾಗಿದೆ. ಸುಮಾರು 1300ರಲ್ಲಿ ರಟ್ಟಕವಿ ಕನ್ನಡದಲ್ಲಿ ‘ರಟ್ಟಮತ’ ಬರೆದು ಮಳೆ, ಮಿಂಚು, ಭೂಕಂಪಗಳ ಲಕ್ಷಣಗಳನ್ನು ಹೇಳಿದಾಗ ಈ ಎರಡು ಕೆಲಸ ಬೇರೆಯಾಗಿರಲಿಲ್ಲ. ಈಗ ಬೇರೆಯಾಗಿವೆ. ಭಾರತೀಯ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. ಹಿಮಾಲಯದ ಹಿಮ ನೋಡಿ ಮುಂಗಾರನ್ನು ಅಂದಾಜಿಸುವ ಮೊದಲ ಅಧಿಕೃತ ಮುನ್ಸೂಚನೆ 1886ರದು. ಇಂದು ಇಲಾಖೆ ದೀರ್ಘಾವಧಿ ಸರಾಸರಿಯ ಶೇ 96ರಿಂದ 104ರಷ್ಟು ಮಳೆಯನ್ನು ‘ಸಾಧಾರಣ’ ಎನ್ನುತ್ತದೆ. ಇಡೀ ದೇಶದ ಮುಂಗಾರಿಗೆ ಆ ಸರಾಸರಿ 87 ಸೆಂಟಿಮೀಟರ್. ಏಪ್ರಿಲ್‌ನಲ್ಲಿ ಹೇಳುವಾಗ ಶೇ 5ರಷ್ಟು ಹೆಚ್ಚುಕಡಿಮೆಯಾದೀತು ಎಂದು ತಾನೇ ಸೇರಿಸುತ್ತದೆ. ತಪ್ಪುವ ಸಾಧ್ಯತೆಯನ್ನು ಅಳೆದು ಮೊದಲೇ ಹೇಳುವುದು, ಆಮೇಲೆ ತಾಳೆ ನೋಡುವುದು, ಇದು ಮೇಲಿನ ಯಾರ ಕೆಲಸದಲ್ಲೂ ಇಲ್ಲ. ಅದಕ್ಕಾಗಿಯೇ ‘ಭವಿಷ್ಯ’ ಮತ್ತು ‘ಮುನ್ಸೂಚನೆ’ ಎರಡು ಬೇರೆ ಪದಗಳಾಗಿ ಉಳಿಯಬೇಕು. ಮಕ್ಕಳು ‘ಜೋಯಿಸರು ಹೇಳುವುದು ನಿಜವಾಗುತ್ತದೆಯೇ’ ಎಂದು ಕೇಳಿಯೇ ಕೇಳುತ್ತಾರೆ. ಗ್ರಹಗತಿಯಿಂದ ಮನುಷ್ಯರ ಬಾಳು ತಿಳಿಯುತ್ತದೆ ಎಂಬುದಕ್ಕೆ ಪರೀಕ್ಷೆಯಲ್ಲಿ ನಿಂತ ಆಧಾರವಿಲ್ಲ ಎಂದು ನೇರ ಹೇಳಿ. ಪದಗಳ ಬಗ್ಗೆ ಗೌರವ ಇಟ್ಟುಕೊಂಡೇ ಅದನ್ನು ಹೇಳಬಹುದು.

ಪದಕೋಶದ ಪ್ರತಿ ನಮೂದಿನಲ್ಲಿ ನಾಲ್ಕು ವಿವರ ಬರೆಸಿ: ತಿಳಿವು ಯಾವುದರಿಂದ ಬರುತ್ತದೆ, ಯಾವ ಪ್ರಶ್ನೆಗೆ ಅವರನ್ನು ಕೇಳುತ್ತಾರೆ, ಅವರು ಮನೆಗೆ ಬರುತ್ತಾರೋ ನಾವು ಅವರ ಹತ್ತಿರ ಹೋಗುತ್ತೇವೋ, ಹೇಳುವ ಮಾತಿನ ಕ್ರಿಯಾಪದ ಯಾವುದು. ‘ಭವಿಷ್ಯಕಾರ’ ಎಂಬುದನ್ನು ಗುಂಪಿನ ತಲೆಬರಹಕ್ಕೆ ಮಾತ್ರ ಇಟ್ಟುಕೊಳ್ಳಿ. ಯಾರಾದರೂ ‘ಹೆಳವರು’ ಎಂದು ಬರೆದು ತಂದರೆ ಬೇರೆ ಹಾಳೆಯಲ್ಲಿ ಬರೆಸಿ. ಎತ್ತಿನ ಮೇಲೆ ಬಂದು ಮನೆತನದ ಹಿರಿಯರ ಹೆಸರುಗಳನ್ನು ಒಂದೂ ಬಿಡದೆ ಒಪ್ಪಿಸುವ ಅವರು ಹೇಳುವುದು ಹಿಂದಿನದನ್ನು, ಮುಂದಿನದನ್ನಲ್ಲ.